ಟೀ ಕುಡಿದು ಬಂದರೆ ಸರಿಹೋಗುವ ಗಾಡಿ: ಪಂಪ್ ಬಿಚ್ಚುವ ಮೊದಲು ಏನು ನೋಡಬೇಕು?

ಓದುಗರ ಪ್ರಶ್ನೆ: ನನ್ನದು 2007ರ ಡೀಸೆಲ್ ಪಿಕಪ್ ಗಾಡಿ. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇದೆ, ಕಾಮನ್ ರೈಲ್ ಅಲ್ಲ, ಹಳೆಯ ಮೆಕ್ಯಾನಿಕಲ್ ಪಂಪ್. ಗಂಗಾವತಿಯಿಂದ ಕಂಪ್ಲಿ, ಕುರುಗೋಡು ಮೇಲೆ ಬಳ್ಳಾರಿಗೆ ಅಕ್ಕಿ ಚೀಲ ಒಯ್ಯುತ್ತೇನೆ. ಸುಮಾರು ಒಂದು ತಿಂಗಳಿಂದ ಒಂದು ತೊಂದರೆ. ಕಂಪ್ಲಿ ದಾಟಿ ಸ್ವಲ್ಪ ದೂರ ಹೋದ ಮೇಲೆ, 60ರಲ್ಲಿ ಹೋಗುತ್ತಿದ್ದ ಗಾಡಿ ಒಮ್ಮೆಲೇ 30ಕ್ಕೆ ಬೀಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯುವುದಿಲ್ಲ. ಹೊಗೆ ಏನೂ ಕಾಣಲ್ಲ. ಬದಿಗೆ ನಿಲ್ಲಿಸಿ ಟೀ ಕುಡಿದು ಬಂದರೆ ಸೆಲ್ಫ್ ಸ್ಟಾರ್ಟರ್ ಅರ್ಧ ಹೊಡೆದರೇ ಸ್ಟಾರ್ಟ್ ಆಗುತ್ತದೆ, ಮೊದಲಿನ ಹಾಗೇ ಓಡುತ್ತದೆ. ಮತ್ತೆ 15-20 ಕಿ.ಮೀ. ಆದ ಮೇಲೆ ಅದೇ ಕಥೆ. ಖಾಲಿ ವಾಪಸ್ ಬರುವಾಗ ಅಷ್ಟಾಗಿ ಗೊತ್ತಾಗಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆವು, ಆಗಲೇ ಪೈಪಿಗೆ ಗಾಳಿಯನ್ನೂ ಹೊಡೆದರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಶುರು. ನಮ್ಮ ಮೆಕ್ಯಾನಿಕ್ "ಪಂಪ್ ಹೋಗೈತಿ, ಪಂಪು-ನೋಜಲ್ ಎರಡೂ ಮಾಡಿಸ್ಬೇಕು, 25 ಸಾವಿರ ಆಗತೈತಿ" ಅನ್ನುತ್ತಾರೆ. ಇನ್ನೊಬ್ಬರು ಟರ್ಬೊ ಅನ್ನುತ್ತಾರೆ. ಇಷ್ಟು ಹಳೆಯ ಗಾಡಿಗೆ ಅಷ್ಟು ದುಡ್ಡು ಹಾಕಬಹುದೇ? ನಾಟಿ ಸಮಯದಲ್ಲಿ ಟ್ರ್ಯಾಕ್ಟರಿಗೆಂದು ಬ್ಯಾರಲ್‌ನಲ್ಲಿ ತಂದಿಟ್ಟಿದ್ದ ಡೀಸೆಲನ್ನು ಇದಕ್ಕೂ ಹಾಕಿದ್ದೆ. ಅದರಿಂದ ಏನಾದರೂ ಆಗಿರಬಹುದೇ?

ಉತ್ತರ: 25 ಸಾವಿರ ಸದ್ಯಕ್ಕೆ ಜೇಬಿನಲ್ಲೇ ಇರಲಿ. ಪಂಪ್ (ನೋಜಲ್‌ಗಳ ಮೂಲಕ ಇಂಜಿನ್ನಿಗೆ ಡೀಸೆಲ್ ಸಿಂಪಡಿಸಲು ಒತ್ತಡ ಕೊಡುವ ಭಾಗ) ಗಟ್ಟಿಯಾಗಿದೆ ಅಂತ ನಾನು ಇಲ್ಲಿಂದ ಹೇಳಲಾರೆ. ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ಟ್ಯಾಂಕಿನ ಕಡೆಗೆ. ಬ್ಯಾರಲ್ ವಿಷಯವನ್ನು ನೀವು ಕೊನೆಗೆ, ಸುಮ್ನೆ ಕೇಳಿದ ಹಾಗೆ ಬರೆದಿದ್ದೀರಿ. ನಾನು ಅದನ್ನೇ ಮೊದಲು ಓದಿದೆ.

ಗಾಡಿ ಹೇಗೆ ಬಿತ್ತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಹೇಗೆ ಎದ್ದಿತು ಅಂತ ಕೇಳುವ ಮೆಕ್ಯಾನಿಕ್ ಕಡಿಮೆ. ನಿಮ್ಮ ಗಾಡಿ ಎರಡು ಸಲ ಎದ್ದಿದೆ. ಒಂದು, ಟೀ ಕುಡಿಯುವಷ್ಟು ಹೊತ್ತು ನಿಂತಾಗ. ಇನ್ನೊಂದು, ಪೈಪಿಗೆ ಗಾಳಿ ಹೊಡೆದಾಗ. ಆ ಎರಡು ದಿನದ ಶ್ರೇಯಸ್ಸನ್ನು ಎಲ್ಲರೂ ಹೊಸ ಫಿಲ್ಟರಿಗೆ ಕೊಟ್ಟುಬಿಟ್ಟರು. ಫಿಲ್ಟರೇ ಕಾರಣವಾಗಿದ್ದರೆ ತೊಂದರೆ ಅಲ್ಲಿಗೇ ಮುಗಿಯಬೇಕಿತ್ತು. ಎರಡೇ ದಿನಕ್ಕೆ ಹೊಸ ಫಿಲ್ಟರ್ ಕಟ್ಟಿಕೊಂಡಿತು ಅಂದುಕೊಂಡರೂ, ಟೀ ಕುಡಿದು ಬರುವಷ್ಟರಲ್ಲಿ ಅದು ಇಷ್ಟು ಚೆನ್ನಾಗಿ ಬಿಟ್ಟುಕೊಳ್ಳುತ್ತಿರಲಿಲ್ಲ. ಕೆಲಸ ಮಾಡಿದ್ದು ಗಾಳಿ. ಆ ಗಾಳಿ ಪೈಪಿನೊಳಗೆ ಹಿಂದಕ್ಕೆ ಹೋಗಿ, ಟ್ಯಾಂಕಿನಲ್ಲಿ ಡೀಸೆಲ್ ಎಳೆಯುವ ಪೈಪಿನ ಬಾಯಿಯ ಜಾಲರಿಗೆ ಅಂಟಿದ್ದ ಏನನ್ನೋ ತಳ್ಳಿದೆ. ಎರಡು ದಿನದಲ್ಲಿ ಅದು ಮತ್ತೆ ಬಂದು ಕೂತಿದೆ.

ಎಳನೀರು ಕುಡಿಯುವಾಗ ಸ್ಟ್ರಾ ತುದಿಗೆ ಗಂಜಿಯ ಚೂರು ಬಂದು ಅಂಟಿಕೊಳ್ಳುತ್ತದಲ್ಲ, ಹಾಗೆ. ಜೋರಾಗಿ ಎಳೆದಷ್ಟೂ ಗಟ್ಟಿಯಾಗಿ ಕೂರುತ್ತದೆ. ಎಳೆಯುವುದು ಬಿಟ್ಟರೆ ತಾನೇ ಉದುರುತ್ತದೆ. ಭರ್ತಿ ಲೋಡಿನಲ್ಲಿ ಇಂಜಿನ್ ಜೋರಾಗಿ ಎಳೆಯುತ್ತದೆ. ಖಾಲಿ ಬರುವಾಗ ಮೆಲ್ಲಗೆ ಎಳೆಯುತ್ತದೆ, ಅದಕ್ಕೇ ಆಗ ಗೊತ್ತಾಗಲ್ಲ.

ಇನ್ನು ಹೊಗೆ. ನೀವು "ಹೊಗೆ ಏನೂ ಕಾಣಲ್ಲ" ಅಂತ ಒಂದೇ ಮಾತಿನಲ್ಲಿ ಬರೆದಿದ್ದೀರಿ. ಹಳೆಯ ಡೀಸೆಲ್ ಇಂಜಿನ್ನಿಗೆ ಅದು ದೊಡ್ಡ ಸುಳಿವು. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಹತ್ತಿರಹತ್ತಿರ 14.5 ಕೆಜಿ ಗಾಳಿ ಬೇಕು. ನಮಗೆ ಗೊತ್ತಾಗುವ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಡೀಸೆಲ್‌ಗೆ ಸುಮಾರು 10 ಸಾವಿರ ಲೀಟರ್ ಗಾಳಿ. ಗಾಳಿ ಕಡಿಮೆಯಾಗಿ ಡೀಸೆಲ್ ಮಾತ್ರ ಬರುತ್ತಿದ್ದರೆ ಅದು ಅರೆಬರೆ ಉರಿದು ಮಸಿಯಾಗುತ್ತದೆ. ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ. ಡೀಸೆಲ್ಲೇ ಕಡಿಮೆಯಾದರೆ ಗಾಳಿ ಬೇಕಾದಷ್ಟಿರುತ್ತದೆ, ಬಂದಷ್ಟು ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಹೊಗೆ ಇರಲ್ಲ, ಎಳೆತವೂ ಇರಲ್ಲ. ಎಳೆತ ಇಲ್ಲ, ಕಪ್ಪು ಹೊಗೆ ಇದೆ ಅಂದರೆ ಗಾಳಿಯ ದಾರಿ ನೋಡಿ. ಎಳೆತ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ದಾರಿ ನೋಡಿ. ನೀಲಿ ಹೊಗೆ ಇಂಜಿನ್ ಆಯಿಲ್ಲಿನದು. ಬಿಳಿ ಹೊಗೆ ಅಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ, ಇಲ್ಲವೇ ರೇಡಿಯೇಟರ್ ನೀರು ಒಳಗೆ ಸೇರುತ್ತಿದೆ. ಆ ಎರಡೂ ಬೇರೆಯದೇ ಕಥೆ, ನಿಮಗೆ ಸದ್ಯ ಬೇಡ.

ಆದರೆ ಹೊಗೆ ಇಲ್ಲ ಅನ್ನುವುದನ್ನು ಸರಿಯಾಗಿ ಖಚಿತ ಮಾಡಿಕೊಳ್ಳಿ. ಸ್ಟೀರಿಂಗ್ ಹಿಡಿದವರಿಗೆ ತಮ್ಮ ಗಾಡಿಯ ಹೊಗೆ ಕಾಣುವುದು ಕಷ್ಟ. ಹಿಂದೆ ಬೈಕಿನಲ್ಲಿ ಯಾರನ್ನಾದರೂ ಬರಲು ಹೇಳಿ. ಗಾಡಿ ಬಿದ್ದ ಹೊತ್ತಿನಲ್ಲಿ ಏನು ಬಂತು ಅಂತ ಅವರೇ ಹೇಳಲಿ.

ಟರ್ಬೊ ಅಂದವರಿಗೆ ನನ್ನ ಉತ್ತರ ಚಿಕ್ಕದು. ಟರ್ಬೊ ಸವೆದಿದ್ದರೆ ಟೀ ಕುಡಿದು ಬರುವಷ್ಟರಲ್ಲಿ ರಿಪೇರಿ ಆಗಲ್ಲ. ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಸೀಳಿದ್ದರೆ ಅಥವಾ ಕ್ಲಿಪ್ ಸಡಿಲವಾಗಿದ್ದರೆ ಸುಯ್ ಅನ್ನುವ ಸದ್ದು, ಕಪ್ಪು ಹೊಗೆ ಎರಡೂ ಇರುತ್ತವೆ. ಒಂದೇ ಒಂದು ವಿನಾಯಿತಿ ಇದೆ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹಳೆಯ ಹೋಸಿನ ಒಳಪದರ ಬಿಟ್ಟುಕೊಂಡಿದ್ದರೆ, ಜೋರಾಗಿ ಎಳೆದಾಗ ಅದು ಒಳಕ್ಕೆ ಮಡಚಿಕೊಂಡು ದಾರಿ ಮುಚ್ಚುತ್ತದೆ. ಎಳೆತ ನಿಂತರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ, ಕೈಯಲ್ಲಿ ಹಿಸುಕಿ ನೋಡಬೇಕು. ಆದರೆ ಆಗಲೂ ಕಪ್ಪು ಹೊಗೆ ಬರಲೇಬೇಕು. ಬಿಚ್ಚಿದಾಗ ಏರ್ ಫಿಲ್ಟರನ್ನೂ ನೋಡಿಬಿಡಿ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಅಂಗಳದಲ್ಲಿ ನಿಲ್ಲುವ ಗಾಡಿಗಳಲ್ಲಿ ಹೊಟ್ಟಿನ ದೂಳು, ಸಂಡೂರು-ತೋರಣಗಲ್ಲು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಕೆಂಪು ದೂಳು. ಕಂಪನಿ ಪುಸ್ತಕದಲ್ಲಿ ಬರೆದ ಕಿ.ಮೀ. ನಮ್ಮ ಕಡೆಗೆ ಹೊಂದುವುದಿಲ್ಲ. ಅದಕ್ಕಿಂತ ಬೇಗ ಬದಲಿಸಬೇಕು.

ಬಿಸಿಲಿಗೆ ಹೀಗಾಗುತ್ತೆ ಅನ್ನುವವರೂ ಸಿಗುತ್ತಾರೆ. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿ ಸುಮಾರು ಶೇ. 7ರಷ್ಟು ತೆಳು. ಅಷ್ಟರಮಟ್ಟಿಗೆ ಗಾಡಿ ಮಂಕಾದೀತು. 60ರಿಂದ 30ಕ್ಕೆ ಬೀಳುವುದಿಲ್ಲ.

ಸರಿ, ಈಗ ತಾನಾಗಿ ಬಿದ್ದು ತಾನಾಗಿ ಏಳುವ ದೋಷಗಳಿಗೆ ಬರೋಣ. ನಿಮ್ಮ ಲಕ್ಷಣಕ್ಕೆ ಹೊಂದುವವು ಕೆಲವೇ ಇವೆ. ಟ್ಯಾಂಕಿನೊಳಗಿನ ಜಾಲರಿಗೆ ಕಸ ಅಂಟುವುದು ಒಂದು, ಅದನ್ನು ಹೇಳಿಯಾಯಿತು. ಅದರ ಅಣ್ಣತಮ್ಮನಂತಿರುವುದು ಟ್ಯಾಂಕಿಗೆ ಉಸಿರು ಕಟ್ಟುವುದು. ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ತೂತು, ಇಲ್ಲವೇ ಪಕ್ಕದಲ್ಲಿ ಬ್ರೀದರ್ ಪೈಪ್ ಇರುತ್ತದೆ. ಎರೆ ಮಣ್ಣಿನ ಹೊಲದ ದಾರಿಯಲ್ಲಿ ಓಡಿದ ಗಾಡಿಗಳಲ್ಲಿ ಆ ಪೈಪಿನ ಬಾಯಿಗೆ ಕೆಸರು ಮೆತ್ತಿ ಕಲ್ಲಾಗಿರುತ್ತದೆ. ಕೆಲವು ಸಲ ಮಣ್ಣಿನ ಗೂಡು ಕಟ್ಟುವ ಹುಳವೂ ಅಲ್ಲಿ ಮನೆ ಮಾಡಿರುತ್ತದೆ. ಇನ್ನು ಮುಚ್ಚಳ ಕಳೆದುಹೋಗಿ ಯಾವುದೋ ಬೇರೆ ಗಾಡಿಯ ತೂತಿಲ್ಲದ ಮುಚ್ಚಳ ಹಾಕಿದ್ದರಂತೂ ಕೇಳುವುದೇ ಬೇಡ. ಒಳಗೆ ಗಾಳಿ ಬರದೆ ಟ್ಯಾಂಕ್ ಡೀಸೆಲನ್ನು ಬಿಟ್ಟುಕೊಡುವುದಿಲ್ಲ. ನಿಲ್ಲಿಸಿದರೆ ಎಲ್ಲಿಂದಲೋ ಮೆಲ್ಲಗೆ ಗಾಳಿ ಸೇರಿಕೊಂಡು ಮತ್ತೆ ಸರಿಹೋಗುತ್ತದೆ.

ಮೂರನೆಯದು ಡೀಸೆಲ್ ಹೋಸ್. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪ್) ಇರುವ ದಾರಿ ಎಳೆತದ ದಾರಿ, ಒತ್ತಡದ ದಾರಿ ಅಲ್ಲ. ಇಲ್ಲಿ ಹೋಸ್ ಬಿರುಕು ಬಿಟ್ಟರೆ ಗಾಡಿ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. "ಒಂದು ಹನಿ ಲೀಕೇಜ್ ಇಲ್ಲ ಸಾರ್" ಅಂತ ಮೆಕ್ಯಾನಿಕ್ ಹೇಳುವುದು ನಿಜವೇ ಇರುತ್ತದೆ, ಆದರೂ ತೊಂದರೆ ಅಲ್ಲೇ ಇರುತ್ತದೆ. ಆದರೆ ಗಾಳಿ ಸೇರುವ ಗಾಡಿ ಸಾಮಾನ್ಯವಾಗಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ನಿಂತಲ್ಲೇ ಗುಟುಕು ಗುಟುಕಾಗಿ ಓಡುತ್ತದೆ. ನಿಮ್ಮದು ಅರ್ಧ ಸೆಲ್ಫಿಗೆ ಏಳುತ್ತಿದೆ. ಹಾಗಾಗಿ ಇದಕ್ಕೆ ನಾನು ಕಡಿಮೆ ಅಂಕ ಕೊಡುತ್ತೇನೆ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ಬ್ರೇಕ್ ಹಿಡಿದುಕೊಳ್ಳುವುದು. ವೀಲ್ ಸಿಲಿಂಡರ್ ತುಕ್ಕು ಹಿಡಿದೋ, ಹ್ಯಾಂಡ್ ಬ್ರೇಕ್ ಕೇಬಲ್ ಬಿಟ್ಟುಕೊಳ್ಳದೆಯೋ ಒಂದು ಚಕ್ರ ಉಜ್ಜುತ್ತಿರುತ್ತದೆ. 15 ಕಿ.ಮೀ. ಹೋಗುವಷ್ಟರಲ್ಲಿ ಡ್ರಮ್ ಕಾದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ತಣ್ಣಗಾಗಿ ಬಿಡುತ್ತದೆ. ನಿಮ್ಮ ಕಥೆಗೆ ಚೆನ್ನಾಗೇ ಹೊಂದುತ್ತದೆ ಅಲ್ವಾ? ಆದರೆ ಇಲ್ಲಿ ಇಂಜಿನ್ ತಪ್ಪೇನೂ ಇಲ್ಲ, ಅದು ಪೂರ್ತಿ ಶಕ್ತಿಯಿಂದ ಎಳೆಯುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಗಾಡಿ ಬಿದ್ದ ಹೊತ್ತಿನಲ್ಲಿ ರಸ್ತೆ ಖಾಲಿಯಿದ್ದರೆ ನ್ಯೂಟ್ರಲ್ ಮಾಡಿ ಎಡಕ್ಕೆ ಬನ್ನಿ. ಸಲೀಸಾಗಿ ಉರುಳಿದರೆ ಬ್ರೇಕ್ ತಪ್ಪಿಲ್ಲ. ಯಾರೋ ಹಿಂದಕ್ಕೆ ಹಿಡಿದೆಳೆದಂತೆ ನಿಂತರೆ ಬ್ರೇಕೇ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ. ಒಂದು ಮಾತ್ರ ಜಾಸ್ತಿ ಕಾದಿರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಕೈ ತಾಗಿಸಬೇಡಿ.

ಕೊನೆಯದು, ನಿಮ್ಮ ಮೆಕ್ಯಾನಿಕ್ ಹೇಳಿದ ಪಂಪ್. ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಒಳಗಿನ ಪ್ಲಂಜರ್ ಸವೆದ ಪಂಪ್ ಕೂಡ ಬಿಸಿಯಾದಾಗ ಸೋತು, ತಣ್ಣಗಾದಾಗ ಎದ್ದು ಕೂರುವುದುಂಟು. ಡೀಸೆಲ್ ಕಾದರೆ ನೀರಿನಂತೆ ತೆಳುವಾಗುತ್ತದೆ, ಸವೆದ ಸಂದಿನಲ್ಲಿ ಜಾರಿಹೋಗುತ್ತದೆ. ಆದರೆ ಆ ಪಂಪಿಗೆ ಒಂದು ಗುರುತಿದೆ. ಬಿಸಿ ಇಂಜಿನ್ ಆರಿಸಿದರೆ ಮತ್ತೆ ಏಳುವುದಿಲ್ಲ, ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆಸುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ಟಾರ್ಟ್ ಮಾಡುವುದನ್ನು ನೀವೂ ನೋಡಿರಬಹುದು. ನಿಮ್ಮ ಗಾಡಿಗೆ ಇದು ಇದೆಯೇ ಅಂತ ನೋಡಲು ಟೀ ಕುಡಿಯುವ ಮೊದಲೇ ಪರೀಕ್ಷೆ ಮಾಡಿ. ಗಾಡಿ ಬಿದ್ದು ನಿಂತ ಮೇಲೆ ಆರಿಸಿ, ಒಂದೇ ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ಆಗಲೂ ತಕ್ಷಣ ಎದ್ದರೆ ಪಂಪಿನ ಮೇಲಿನ ಅನುಮಾನ ಬಹಳ ಕಡಿಮೆಯಾಗುತ್ತದೆ.

ಲ್ಯಾಪ್‌ಟಾಪ್ ಹಚ್ಚಿ ಸ್ಕ್ಯಾನ್ ಮಾಡುವ ಅಂಗಡಿಗೆ ಹೋಗಬೇಡಿ. ದೇಶದ ತುಂಬ ಬಿಎಸ್-4 ಅನ್ನುವ ಹೊಗೆ ನಿಯಮ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಈಗಿನ ಡೀಸೆಲ್ ಗಾಡಿಗಳಲ್ಲಿ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡಿ, ಮೀಟರಿನಲ್ಲಿ ದೀಪ ಹಚ್ಚಿ, ಕೋಡ್ ಬರೆದಿಡುತ್ತದೆ. ನಿಮ್ಮ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಆ ಭಾಷೆಯೇ ಗೊತ್ತಿಲ್ಲ. ಕಣ್ಣು, ಕಿವಿ, ಒಂದು ಕ್ಯಾನು ಸಾಕು.

ಮೊದಲು ಕಾಸು ಖರ್ಚಿಲ್ಲದ ಎರಡು ಕೆಲಸ. ಇಂಜಿನ್ ಆರಿಸಿ, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ಪಂಪಿನ ಲಿವರ್ ಕೊನೆಯ ಸ್ಕ್ರೂಗೆ ತಾಗುತ್ತದೆಯೇ ನೋಡಲಿ. ಕೇಬಲ್ ಜಾರಿ, ಅಥವಾ ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿ, ಮುಕ್ಕಾಲು ಮಾತ್ರ ತೆರೆಯುವ ಗಾಡಿಗಳಿಗೂ ಜನ ನೋಜಲ್ ಮಾಡಿಸಿದ್ದಾರೆ. ನಿಮ್ಮದಕ್ಕೆ ಇದು ಕಾರಣ ಇರಲಿಕ್ಕಿಲ್ಲ, ಆದರೂ ಅರ್ಧ ನಿಮಿಷದ ಕೆಲಸ.

ಎರಡನೆಯದು ಮುಚ್ಚಳದ ಪರೀಕ್ಷೆ. ಎಂದಿನಂತೆ ಲೋಡ್ ಹಾಕಿಕೊಂಡು ಹೊರಡಿ. ಗಾಡಿ ಬಿದ್ದ ಕೂಡಲೇ ಎಡಕ್ಕೆ ಬಂದು ನಿಲ್ಲಿಸಿ, ಇಂಜಿನ್ ಆರಿಸದೆ ಡೀಸೆಲ್ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಕ್ಕೆ ಎಳೆದುಕೊಂಡಿತೇ? ತಕ್ಷಣ ಮುಚ್ಚಳ ಹಾಕಿಕೊಂಡು ಹೊರಟಾಗ ಎಳೆತ ವಾಪಸ್ ಬಂದಿತೇ? ಎರಡಕ್ಕೂ ಹೌದು ಅಂದರೆ ಕಾಯಿಲೆ ಮುಚ್ಚಳದ್ದು, ಅಥವಾ ಬ್ರೀದರ್ ಪೈಪಿನದು. ಏನೂ ಬದಲಾಗಲಿಲ್ಲ, ಆದರೆ ಐದು-ಹತ್ತು ನಿಮಿಷ ಆರಿಸಿ ನಿಲ್ಲಿಸಿದಾಗ ಮಾತ್ರ ಸರಿಹೋಯಿತು ಅಂದರೆ ಜಾಲರಿ. ಇದನ್ನು ಮಾಡುವಾಗ ಬೀಡಿ-ಸಿಗರೇಟ್ ದೂರ ಇರಲಿ.

ನಿಲ್ಲಿಸುವ ಜಾಗದ ಬಗ್ಗೆ ಒಂದು ಮಾತು. ಕಂಪ್ಲಿ ಸೇತುವೆ ಮೇಲಾಗಲಿ ತಿರುವಿನಲ್ಲಾಗಲಿ ನಿಲ್ಲಿಸಬೇಡಿ. ಎಳೆತ ಕಡಿಮೆಯಾದರೂ ಇಂಜಿನ್ ಓಡುತ್ತಿದ್ದರೆ ಕೆಳಗಿನ ಗೇರಿನಲ್ಲಿ ತೆವಳಿಸಿಕೊಂಡು ಜಾಗ ಇರುವ ಕಡೆ ಬನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ. ಇಂಜಿನ್ ಪೂರ್ತಿ ನಿಂತೇ ಹೋದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ. ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಹಾಗಾಗಿ ಬ್ರೇಕನ್ನು ಪಂಪ್ ಮಾಡಬೇಡಿ, ಒಂದೇ ಸಲ ಒತ್ತಿ ಹಿಡಿದುಕೊಂಡು ನಿಲ್ಲಿಸಿ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಇಳಿಜಾರಿನಲ್ಲಿ ಲೋಡ್ ಇದ್ದಾಗ ಇದು ಗೊತ್ತಿರಬೇಕು.

ಈಗ ಮುಖ್ಯ ಪರೀಕ್ಷೆ. 25 ಸಾವಿರದ ಪ್ರಶ್ನೆಗೆ ಉತ್ತರ ಕೊಡುವುದು ಇದೇ. ಇದನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಹತ್ತು ಲೀಟರಿನ ಶುದ್ಧ ಕ್ಯಾನಿಗೆ ಬಂಕಿನಿಂದ ಹೊಸ ಡೀಸೆಲ್ ಹಾಕಿಸಿಕೊಳ್ಳಿ. ಟ್ಯಾಂಕಿನಿಂದ ಬರುವ ಪೈಪನ್ನು ಇಂಜಿನ್ ಹತ್ತಿರ ಬಿಚ್ಚಿ ಮುಚ್ಚಿಡಿ. ಅದರ ಬದಲು ಕ್ಯಾನಿನಿಂದ ಒಂದು ಹೊಸ ಹೋಸ್ ಎಳೆದು ಅಲ್ಲಿಗೆ ಜೋಡಿಸಿ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಒಂದು ವಿಷಯ ಮರೆಯುತ್ತಾರೆ. ಪಂಪ್ ತಾನು ಉರಿಸುವುದಕ್ಕಿಂತ ಜಾಸ್ತಿ ಡೀಸೆಲ್ ಎಳೆದು, ಉಳಿದದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಆ ರಿಟರ್ನ್ ಪೈಪನ್ನೂ ಕ್ಯಾನಿಗೇ ಹಾಕಬೇಕು. ಇಲ್ಲದಿದ್ದರೆ ಕ್ಯಾನಿನ ಡೀಸೆಲ್ ನೋಡನೋಡುತ್ತಾ ಟ್ಯಾಂಕಿಗೆ ಹೋಗಿ, ದಾರಿಯಲ್ಲಿ ಕ್ಯಾನ್ ಖಾಲಿಯಾಗಿ ಗಾಡಿ ನಿಲ್ಲುತ್ತದೆ. ಆಮೇಲೆ "ಇದೂ ಸರಿಹೋಗಲಿಲ್ಲ, ಪಂಪೇ" ಅನ್ನುವ ತೀರ್ಮಾನ ಬರುತ್ತದೆ.

ಕ್ಯಾನ್ ಮುಚ್ಚಳದಲ್ಲಿ ಗಾಳಿಗೆ ತೂತಿರಲಿ. ಟರ್ಬೊ, ಸೈಲೆನ್ಸರ್ ಪೈಪಿನಿಂದ ದೂರ, ಅಲುಗಾಡದ ಹಾಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿರಬೇಕು. ಕ್ಯಾಬಿನ್ ಒಳಗೆ ಬೇಡ. ಫಿಲ್ಟರ್ ಮೇಲಿನ ಪ್ರೈಮರ್ (ಪುಟ್ಟ ಕೈ ಪಂಪ್) ಒತ್ತಿ ಏರ್ ತೆಗೆದ ಮೇಲೆ ಸ್ಟಾರ್ಟ್ ಮಾಡಿ. ನೋಜಲಿಗೆ ಹೋಗುವ ಸ್ಟೀಲ್ ಪೈಪುಗಳಿಗೆ, ಇಂಜಿನ್ ಓಡುವಾಗ, ಯಾವ ಕಾರಣಕ್ಕೂ ಕೈ ಹಚ್ಚಬೇಡಿ. ಅಲ್ಲಿನ ಒತ್ತಡ ಟೈರಿನ ಒತ್ತಡದ ನೂರು ಪಟ್ಟಿನ ಲೆಕ್ಕದ್ದು. ಸಣ್ಣ ಸೋರಿಕೆಯ ಎಳೆಯೂ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಗೆ ಹೋಗಬಾರದು, ನೇರ ಆಸ್ಪತ್ರೆಗೆ.

ಈಗ ಅದೇ ರಸ್ತೆ, ಅಷ್ಟೇ ಲೋಡ್, ಅದೇ 60ರ ವೇಗ. ಖಾಲಿ ಗಾಡಿಯಲ್ಲಿ ಊರೊಳಗೆ ಒಂದು ಸುತ್ತು ಹಾಕಿ "ಸರಿ ಆಯ್ತು" ಅನ್ನುವುದು ಪರೀಕ್ಷೆ ಅಲ್ಲ. ನಿಮ್ಮದು 15-20 ಕಿ.ಮೀ.ಗೆ ಬೀಳುವ ಗಾಡಿ, ಹಾಗಾಗಿ 40 ಕಿ.ಮೀ. ಆದರೂ ಓಡಿಸಿ. ಕ್ಯಾನಿನ ಮೇಲೆ ಬೀಳದೆ ಓಡಿದರೆ ಪಂಪು, ನೋಜಲ್, ಟರ್ಬೊ ಮೂರೂ ಪಾಸು. ತೊಂದರೆ ಟ್ಯಾಂಕಿನಿಂದ ಆ ಬಿಚ್ಚಿದ ಪೈಪಿನ ತುದಿಯವರೆಗಿನ ದಾರಿಯಲ್ಲಿದೆ.

ಹಾಗೆ ಬಂದರೆ ಟ್ಯಾಂಕ್ ಇಳಿಸಿ. ಮತ್ತೆ ಗಾಳಿ ಹೊಡೆಸಿ ಸಾಗಿಸಬೇಡಿ, ಕಸ ಒಳಗೇ ಇರುತ್ತದೆ. ಮುಚ್ಚಳ ಹಾಕಿಕೊಂಡು ಕಂಪ್ರೆಸರ್ ಗಾಳಿ ಬಿಟ್ಟರಂತೂ ಟ್ಯಾಂಕೇ ಉಬ್ಬೀತು. ಇಳಿಸುವ ಮುನ್ನ ಡೀಸೆಲನ್ನು ಪಾರದರ್ಶಕ ಬಾಟಲಿಯಲ್ಲಿ ಸ್ವಲ್ಪ ಹಿಡಿದು ರಾತ್ರಿ ಇಡಿ. ಕೆಳಗೆ ನೀರು ಬೇರೆಯಾಗಿ ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಕಂದು ಲೋಳೆ ಕಂಡರೆ ಅದು ಅಲ್ಲಿ ಬೆಳೆದ ಸೂಕ್ಷ್ಮಜೀವಿಗಳದ್ದು. ಡೀಸೆಲ್ ಮಾತ್ರ ಇದ್ದರೆ ಅವು ಬೆಳೆಯುವುದಿಲ್ಲ, ನೀರು ಬೇಕು. ಈ ಲೋಳೆ ಜಾಲರಿಗೆ ಚರ್ಮದಂತೆ ಅಂಟಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಸಿಗುವ ಉಳಿದ ಸಾಮಾನು: ತುಕ್ಕಿನ ಪುಡಿ, ಭತ್ತದ ಹೊಟ್ಟು, ಕ್ಯಾನಿನ ಸೀಲಿನ ಪ್ಲಾಸ್ಟಿಕ್ ಬಿಲ್ಲೆ, ಸೋಸಲು ಹಿಡಿದ ಪಂಚೆಯ ದಾರ. ಒಂದು ಪ್ಲಾಸ್ಟಿಕ್ ಬಿಲ್ಲೆ ಸಾಕು, ನಿಮ್ಮ ಇಡೀ ಪ್ರಶ್ನೆಗೆ.

ಎಳೆಯುವ ಪೈಪನ್ನು ಜಾಲರಿ ಸಮೇತ ಹೊರಗೆ ತೆಗೆದು ತೊಳೆಯಿರಿ. "ಈ ಜಾಲರಿಯೇ ತೊಂದರೆ" ಅಂತ ಕೆಲವರು ಅದನ್ನು ಕತ್ತರಿಸಿ ಬಿಸಾಡುತ್ತಾರೆ. ಬೇಡ. ಅಲ್ಲಿ ತಡೆಯದ ಕಸ ಫೀಡ್ ಪಂಪಿನ ವಾಲ್ವಿಗೆ ಹೋಗಿ ಕೂರುತ್ತದೆ. ತೂತು ಬಿದ್ದಿದ್ದರೆ ಹೊಸದು ಹಾಕಿಸಿ. ಟ್ಯಾಂಕನ್ನು ಡೀಸೆಲ್‌ನಲ್ಲೇ ಎರಡು ಮೂರು ಸಲ ಕುಲುಕಿ ತೊಳೆಯಿರಿ. ನೀರು ಹಾಕಿ ತೊಳೆದರೆ ಪೂರ್ತಿ ಒಣಗಿಸಲೇಬೇಕು, ಇಲ್ಲದಿದ್ದರೆ ಲೋಳೆಗೆ ನೀವೇ ನೀರು ಕೊಟ್ಟಂತೆ. ಟ್ಯಾಂಕಿನಲ್ಲಿ ತೂತು ಕಂಡರೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗಿನ ಆವಿ ಸಿಡಿದು ಜನ ಸತ್ತಿದ್ದಾರೆ. ಬೇರೆ ಟ್ಯಾಂಕ್ ಹಾಕಿಸಿ. ಟ್ಯಾಂಕ್ ಇಳಿದಿರುವಾಗಲೇ ಎಲ್ಲ ರಬ್ಬರ್ ಹೋಸುಗಳನ್ನೂ ಡೀಸೆಲ್‌ಗೆಂದೇ ಬರುವ ಹೋಸಿಗೆ ಬದಲಿಸಿ. ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪ್, ಡೀಸೆಲ್‌ನಲ್ಲಿ ಗಾಳಿಗುಳ್ಳೆ ಬರುತ್ತಿದೆಯೇ ಅಂತ ನೋಡಲು ಒಂದು ದಿನಕ್ಕೆ ಸರಿ, ಅದನ್ನೇ ಬಿಟ್ಟರೆ ಗಟ್ಟಿಯಾಗಿ ಸೀಳುತ್ತದೆ. ಕೊನೆಗೆ ಡೀಸೆಲ್ ಫಿಲ್ಟರ್ ಮತ್ತೊಮ್ಮೆ ಹೊಸದು. ಈಗಿರುವುದು ಹೊಸದೇ ಅಂತ ಉಳಿಸಬೇಡಿ, ಅದು ಈ ಕಸವನ್ನೆಲ್ಲ ಕುಡಿದಿದೆ.

ಬ್ಯಾರಲ್ ಬಗ್ಗೆ ಕೇಳಿದ್ದಿರಿ. ಹೊರಗೆ, ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ಮೇಲೆ ಮಳೆ ನೀರು ನಿಲ್ಲುತ್ತದೆ. ಹಗಲು ಒಳಗಿನ ಗಾಳಿ ಕಾದು ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಸಂಜೆ ತಣ್ಣಗಾದಾಗ ಬ್ಯಾರಲ್ ಒಳಕ್ಕೆ ಎಳೆದುಕೊಳ್ಳುತ್ತದೆ. ಬಿರಡೆಯ ವಾಷರ್ ಹಳೆಯದಾಗಿದ್ದರೆ ಆಗ ಒಳಗೆ ಹೋಗುವುದು ಆ ಮಳೆ ನೀರೇ. ಬಿರಡೆ ಬಿಗಿಯಾಗಿದೆ ಅಂತ ನೀವು ಅಂದುಕೊಂಡಿರುತ್ತೀರಿ. ಹಾಗಾಗಿ ಬ್ಯಾರಲ್ ಸೂರಿನ ಕೆಳಗಿರಲಿ. ಆಗದಿದ್ದರೆ ಒಂದು ಕಡೆ ಇಟ್ಟಿಗೆ ಕೊಟ್ಟು ಓರೆ ಮಾಡಿ, ನೀರು ಬಿರಡೆಯ ಹತ್ತಿರ ನಿಲ್ಲದ ಹಾಗೆ. ತೆಗೆಯುವ ಪೈಪಿನ ತುದಿ ತಳದಿಂದ ನಾಲ್ಕು ಬೆರಳು ಮೇಲಿರಲಿ, ತಳದ ಗಸಿಯನ್ನು ಗಾಡಿಗಷ್ಟೇ ಅಲ್ಲ, ಟ್ರ್ಯಾಕ್ಟರಿಗೂ ಹಾಕಬೇಡಿ. ಬ್ಯಾರಲ್ ಉರುಳಿಸಿ ತಂದ ದಿನವೇ ಬಳಸದೆ ಒಂದು ರಾತ್ರಿ ಕೂರಲು ಬಿಡಿ. ಸೋಸಲು ಬಟ್ಟೆಗಿಂತ ಸಣ್ಣ ಕಣ್ಣಿನ ಜಾಲರಿ ಇರುವ ಲಾಳಿಕೆ ಒಳ್ಳೆಯದು. ಅದೇ ಬ್ಯಾರಲ್ ಡೀಸೆಲ್ ನಿಮ್ಮ ಟ್ರ್ಯಾಕ್ಟರಿನಲ್ಲೂ ಇದೆ ಅನ್ನುವುದನ್ನು ಮರೆಯಬೇಡಿ, ಅದರ ಫಿಲ್ಟರ್ ಬಟ್ಟಲಿನ ನೀರನ್ನೂ ಈ ವಾರವೇ ಬಿಟ್ಟು ನೋಡಿ.

ಇನ್ನು ಕ್ಯಾನಿನ ಮೇಲೂ ಗಾಡಿ ಬಿದ್ದರೆ? ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ ಇರಬಹುದು. ಆಗಲೂ ನೇರ ಪಂಪಿಗೆ ಹೋಗುವುದಲ್ಲ. ಫೀಡ್ ಪಂಪಿನ ಬಾಯಲ್ಲಿ ಇನ್ನೊಂದು ಪುಟ್ಟ ಜಾಲರಿ ಇರುವ ಮಾದರಿಗಳಿವೆ, ಬಹಳ ಜನರಿಗೆ ಅದು ಇರುವುದೇ ಗೊತ್ತಿಲ್ಲ. ಅದನ್ನು ಬಿಚ್ಚಿ ನೋಡಲು ಹೇಳಿ. ಫೀಡ್ ಪಂಪಿನ ಒತ್ತಡ ಅಳೆಯಲು ಹೇಳಿ, ಅದರ ರಿಪೇರಿ ಕಿಟ್ ಪೂರ್ತಿ ಪಂಪ್ ಕೆಲಸಕ್ಕೆ ಹೋಲಿಸಿದರೆ ಬಹಳ ಅಗ್ಗ. ಇಂಜಿನ್ ಆರಿಸುವ ಸೊಲೆನಾಯ್ಡ್ (ಕರೆಂಟಿನ ವಾಲ್ವ್) ಇದ್ದರೆ ಬಿಸಿಗೆ ಅದರ ವೈರ್ ಸಡಿಲವಾಗುತ್ತದೆಯೇ ನೋಡಲಿ. ಟೆಂಪರೇಚರ್ ಮುಳ್ಳು ಎಲ್ಲಿದೆ ಅಂತ ನೀವು ಬರೆದಿಲ್ಲ. ಗಾಡಿ ಬಿದ್ದಾಗ ಅದು ಕೆಂಪಿನ ಹತ್ತಿರ ಇದ್ದರೆ ಮೇಲೆ ಹೇಳಿದ್ದೆಲ್ಲ ಬದಿಗಿಟ್ಟು ಮೊದಲು ರೇಡಿಯೇಟರ್ ನೋಡಿಸಿ, ಓಡಿಸುವುದನ್ನು ನಿಲ್ಲಿಸಿ.

ಇದೆಲ್ಲ ಆದ ಮೇಲೂ ಪಂಪ್ ಬಿಚ್ಚುವುದಾದರೆ ಪಂಪ್ ಓಡಿಸಿ ಪರೀಕ್ಷಿಸುವ ಬೆಂಚ್ ಇರುವ ಅಂಗಡಿಗೇ ಹೋಗಲಿ. ಬಳ್ಳಾರಿ, ಹೊಸಪೇಟೆಗಳಲ್ಲಿ ಲಾರಿ ಕೆಲಸ ನಡೆಯುವ ಬೀದಿಯಲ್ಲಿ ವಿಚಾರಿಸಿದರೆ ಸಿಗುತ್ತದೆ. ಪಂಪಿನ ಮೇಲಿನ ತಗಡಿನ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ. ಅದರ ಮೇಲೆ ಮೈಕೊ ಅಂತ ಇದ್ದರೆ ಗಾಬರಿ ಬೇಡ, ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಆ ಕಂಪನಿಯೇ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿದ್ದು. ಪಂಪ್ ಬಿಚ್ಚುವ ಮೊದಲು ಇದ್ದ ಹಾಗೇ ಬೆಂಚಿಗೆ ಹಾಕಿ, ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಬರುತ್ತಿದೆ ಅಂತ ಬರೆದುಕೊಡಲು ಕೇಳಿ. ಕೆಲಸ ಆದ ಮೇಲೆ ಇನ್ನೊಮ್ಮೆ. ನೋಜಲನ್ನೂ ಪಂಪ್ ಜೊತೆ ಕಣ್ಣು ಮುಚ್ಚಿ ಬದಲಿಸಬೇಕಿಲ್ಲ, ಟೆಸ್ಟರಿನಲ್ಲಿ ಹಾಕಿದರೆ ಹನಿ ತೊಟ್ಟಿಕ್ಕುತ್ತದೆಯೇ, ಮಂಜಿನಂತೆ ಸಿಡಿಯುತ್ತದೆಯೇ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ. ಪಕ್ಕದಲ್ಲಿ ನಿಂತು ನೋಡಿ.

ಗಾಡಿ ಹಳೆಯದು, ದುಡ್ಡು ಹಾಕಬಹುದೇ ಅಂತ ಕೇಳಿದ್ದೀರಿ. ಕ್ಯಾನ್ ಪರೀಕ್ಷೆ ಆಗುವವರೆಗೆ ಆ ಪ್ರಶ್ನೆಯೇ ಬೇಡ. ಮೆಕ್ಯಾನಿಕ್ ಹತ್ತಿರ ಜಗಳವೂ ಬೇಡ. "ಅಣ್ಣಾ, ಒಂದು ದಿನ ಕ್ಯಾನ್ ಮೇಲೆ ಓಡಿಸಿ ನೋಡೋಣ, ನಿನ್ನ ಕೂಲಿ ನಾನು ಕೊಡ್ತೀನಿ" ಅನ್ನಿ. ಮುಚ್ಚಳ ತೆಗೆದಾಗ ಸದ್ದು ಬಂತೇ, ಕ್ಯಾನಿನ ಮೇಲೆ ಎಷ್ಟು ದೂರ ಓಡಿತು, ಬಿದ್ದಾಗ ಮುಳ್ಳು ಎಲ್ಲಿತ್ತು, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ ಬೇಗ ಬೀಳುತ್ತದೆಯೇ, ಈ ನಾಲ್ಕನ್ನು ಬರೆದು ಕಳಿಸಿದರೆ ಮುಂದಿನದನ್ನು ಹೇಳುತ್ತೇನೆ.